ಒಂದೇ ಗಡಿಗೆಯ ಪಾನಕ

ನಮ್ಮ ದೊಡ್ಡವ್ವನ ಎರಡೂ ಅಂಗೈಗಳ ನಡುವೆ ಅಡ್ಡಕ್ಕೆ ಒಂದೊಂದು ಕಪ್ಪು ಗೆರೆ ಇತ್ತು. ಹುಟ್ಟಿನಿಂದ ಬಂದದ್ದಲ್ಲ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ದಿನಾ ಬೆಳಿಗ್ಗೆ ಕಡಗೋಲಿನ ಹಗ್ಗ ಎಳೆದೂ ಎಳೆದೂ ಚರ್ಮ ದಪ್ಪಗಾಗಿ ಮೂಡಿದ ಗೆರೆ. ಒಮ್ಮೆ ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಶಿರಹಟ್ಟಿಯ ನಮ್ಮ ಓಣಿಗೆ ಬಂದಿದ್ದ. ಆ ಗೆರೆ ನೋಡಿ ಕಣ್ಣರಳಿಸಿ, “ಭಾರಿ ಯೋಗ ಐತ್ರಿ ಅವ್ವಾರ, ಇಂಥಾ ಗೆರಿ ರಾಜರ ಕೈಯಾಗ ಇರ್ತೈತಿ” ಎಂದ. ದೊಡ್ಡವ್ವ ಕೈ ಎಳೆದುಕೊಂಡಳು. “ರಾಜಂದಲ್ಲೋ ತಮ್ಮಾ, ಇದು ಮಜ್ಜಿಗಿ ಗೆರಿ. ಬಿಸಲಾಗ ಬಂದೀದಿ, ಕುಂಡ್ರು, ಒಂದ್ ಚರಿಗಿ ಕುಡದ್ ಹೋಗು” ಅಂದಳು. ಅವನು ಎರಡು ಚರಿಗೆ ಕುಡಿದ. ಭವಿಷ್ಯ ಹೇಳುವುದನ್ನು ಅಲ್ಲಿಗೇ ಬಿಟ್ಟು ತನ್ನ ಹೆಂಡತಿಯ ಮಂಡಿನೋವಿನ ಕಥೆ ಹೇಳಿಕೊಂಡು ಹೋದ.

ದೊಡ್ಡವ್ವ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಅಣ್ಣತಮ್ಮಂದಿರ ಎರಡೂ ಸಂಸಾರ ಒಂದೇ ಒಲೆಯ ಮೇಲೆ ನಡೆಯುತ್ತಿದ್ದವು. ಅಪ್ಪ ಮತ್ತು ದೊಡ್ಡಪ್ಪ ಇಬ್ಬರೂ ಬಲು ಮೆತ್ತಗಿನ ಮನುಷ್ಯರು. ಯಾರಾದರೂ ಜೋರಾಗಿ ಮಾತಾಡಿದರೆ ಇಬ್ಬರೂ ಒಟ್ಟಿಗೇ ನೆಲ ನೋಡುತ್ತಿದ್ದರು. ನಮ್ಮವ್ವ ಅಡಿಗೆಯಲ್ಲಿ ಜಾಣೆ, ಮಾತಿನಲ್ಲಿ ಹಿಂದೆ. ಹೀಗಾಗಿ ಮನೆಯ ಯಜಮಾನಿಕೆ ಬೀಗದ ಕೈಯ ಗೊಂಚಲಿನ ಜೊತೆ ದೊಡ್ಡವ್ವನ ಸೊಂಟಕ್ಕೇ ಬಂದು ಕೂತಿತ್ತು. ಅವಳಿಗೂ ಅದು ಚೆನ್ನಾಗಿ ಒಪ್ಪುತ್ತಿತ್ತು. ಎತ್ತರದ ಹೆಂಗಸು, ಹಣೆಯ ಮೇಲೆ ಅಗಲವಾದ ವಿಭೂತಿ, ದನಿ ಮೂರು ಮನೆ ಆಚೆಗೂ ಕೇಳುವಂಥದ್ದು.

ಶಿವರಾತ್ರಿ ಮುಗಿದ ಮಾರನೇ ದಿನ ಅವಳ ಬೇಸಿಗೆ ಶುರುವಾಗುತ್ತಿತ್ತು. ಕುಂಬಾರ ಓಣಿಗೆ ತಾನೇ ಹೋಗಿ ಹೊಸ ಹರವಿಗಳನ್ನು ಬೆರಳಿನಿಂದ ಬಡಿದು ಬಡಿದು, ಕಿವಿಗೊಟ್ಟು ಕೇಳಿ ಆರಿಸುತ್ತಿದ್ದಳು. ನೀರಿನ ಆ ದೊಡ್ಡ ಮಣ್ಣಿನ ಕೊಡಗಳನ್ನು ಹಿತ್ತಲ ಬಾಗಿಲ ಬಳಿ ಮರಳ ಮೇಲೆ ಕೂರಿಸಿ ಸುತ್ತಲೂ ಒದ್ದೆ ಅರಿವೆ ಸುತ್ತುತ್ತಿದ್ದಳು. ಒಂದರಲ್ಲಿ ನೀರು, ಒಂದರಲ್ಲಿ ಮಜ್ಜಿಗೆ, ಪಕ್ಕದ ಸಣ್ಣ ಗಡಿಗೆಯಲ್ಲಿ ಅವತ್ತಿನ ಪಾನಕ. ಮಾವಿನಕಾಯಿ ಕೆಂಡದಲ್ಲಿ ಸುಟ್ಟು ಹಿಚುಕಿದ್ದು ಒಂದು ದಿನ, ಹುಣಸೆಹಣ್ಣಿನದು ಒಂದು ದಿನ. ಬೆಳವಲ ಹಣ್ಣು ಸಿಕ್ಕ ದಿನವಂತೂ ಮನೆಯಲ್ಲಿ ಹಬ್ಬ. ಅದರ ಗಟ್ಟಿ ಚಿಪ್ಪನ್ನು ಕಲ್ಲಿಗೆ ಕುಕ್ಕಿ ಒಡೆದ ಕೂಡಲೇ ಹೊರಡುವ ಆ ಹುಳಿ-ಸಿಹಿ ವಾಸನೆ ಪಡಸಾಲೆಯಲ್ಲಿ ಮಲಗಿದವರನ್ನೂ ಎಬ್ಬಿಸುತ್ತಿತ್ತು. ತಿರುಳನ್ನು ಬೆಲ್ಲದ ಜೊತೆ ಕಿವುಚಿ, ನೀರು ಬಿಟ್ಟು ಸೋಸಿ, ಏಲಕ್ಕಿ, ಒಣಶುಂಠಿ, ಒಂದು ಚಿಟಿಕೆ ಉಪ್ಪು ಹಾಕುತ್ತಿದ್ದಳು. ಉಪ್ಪು ಯಾಕೆ ಎಂದು ಕೇಳಿದರೆ, “ಬೆವರು ಉಪ್ಪ ಇರ್ತೈತೋ ಇಲ್ಲೋ? ಹೋದದ್ದು ತಿರುಗಿ ಬರಬೇಕಲ್ಲ” ಅನ್ನುತ್ತಿದ್ದಳು.

ಬರ್ಫ ಅಂದರೆ ಅವಳಿಗೆ ಆಗುತ್ತಿರಲಿಲ್ಲ. ನಮ್ಮಪ್ಪ ಗದಗಿಗೆ ಹೋಗಿ ಫ್ರಿಜ್ ತಂದಾಗ ಅದರ ಸುತ್ತ ಒಂದು ಸುತ್ತು ಹಾಕಿ, “ಬಾಯಿಗೆ ತಂಪು, ಹೊಟ್ಟಿಗೆ ಬೆಂಕಿ” ಎಂದು ತೀರ್ಪು ಕೊಟ್ಟು, ಒಳಗೆ ವರ್ಷದ ಮೆಣಸಿನಪುಡಿ ತುಂಬಿಟ್ಟಳು. ಬಹಳ ದಿನ ಆ ಫ್ರಿಜ್ಜಿನ ಬಾಗಿಲು ತೆಗೆದವರಿಗೆಲ್ಲ ಸೀನು ಬರುತ್ತಿತ್ತು.

ಗಡಿಗೆಯ ವಿಷಯದಲ್ಲಿ ಅವಳದೊಂದು ಹಟ ಇತ್ತು. ಮನೆಯಲ್ಲಿ ಕುಡಿಯುವುದು ಏನೇ ಇರಲಿ, ಎಲ್ಲರಿಗೂ ಒಂದೇ ಗಡಿಗೆಯದು ಆಗಬೇಕು. “ತೊಟ್ಟಲದಾಗಿನ ಕೂಸಿಗೆ ಬೆರಳದ್ದಿ ನೆಕ್ಕಸಾಕ ಬರಬೇಕು, ಹಲ್ಲಿಲ್ಲದ ಮುದುಕಗೂ ನಡೀಬೇಕು. ಹಂಗಿದ್ರ ಅದು ಮನಿ ಮಂದಿ ಕುಡಿಯೂದು. ಇಲ್ಲಾಂದ್ರ ಅದನ್ನ ಮಾಡೂದ ಬ್ಯಾಡ” ಎನ್ನುವಳು. ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ. ಅದಕ್ಕೆ ಬೆಲ್ಲ ಹಾಕುವ ಮೊದಲೇ ಅವನ ಪಾಲು ತೆಗೆದು ಬದಿಗಿಡುತ್ತಿದ್ದಳು. ಶುಂಠಿ ಕೊನೆಗೆ, ಸಣ್ಣವರಿಗೆ ಕೊಟ್ಟಾದ ಮೇಲೆ. ಒಂದೇ ಗಡಿಗೆ, ಆದರೆ ಪ್ರತಿಯೊಬ್ಬರ ಹೊಟ್ಟೆಯ ಲೆಕ್ಕವೂ ಅವಳ ತಲೆಯಲ್ಲಿತ್ತು.

ತಾನು ಮಾಡಿದ್ದನ್ನು ಬಿಟ್ಟು ಬೇರೆಯವರ ಪಾನಕ ರುಚಿಯಾಗಿದೆ ಎಂದು ಅವಳು ಒಪ್ಪಿದ್ದು ನಾನು ಕಂಡಿಲ್ಲ. ಪಕ್ಕದ ಮನೆಯ ಖಾಲಾ ರಂಜಾನಿನಲ್ಲಿ ಸಬ್ಜಾ ಬೀಜ ನೆನೆಸಿ, ಗುಲಾಬಿ ಎಸಳು ಹಾಕಿದ ಶರಬತ್ತು ಕಳಿಸುತ್ತಿದ್ದರು. ಖರೆ ಹೇಳಬೇಕೆಂದರೆ ಅದು ದೊಡ್ಡವ್ವನ ಪಾನಕಕ್ಕಿಂತ ಒಂದು ಕೈ ಮೇಲೇ ಇರುತ್ತಿತ್ತು. ದೊಡ್ಡವ್ವ ಕಣ್ಣುಮುಚ್ಚಿ ಪೂರಾ ಕುಡಿದು, ತುಟಿ ಒರೆಸಿಕೊಂಡು, “ಬಣ್ಣಾ ಛಲೋ ಬಂದೈತಿ” ಎನ್ನುವಳು. ಆ ಮಾತು ಗೋಡೆಯಾಚೆ ಖಾಲಾಗೆ ಕೇಳುತ್ತಿತ್ತು. “ನಿಮ್ಮ ಮಜ್ಜಿಗೀದೂ ಬಣ್ಣ ಛಲೋ ಇತ್ರೀ ಅಕ್ಕಾರ, ಬೆಳ್ಳಗ” ಎಂದು ಅತ್ತಲಿಂದ ಉತ್ತರ ಬರುತ್ತಿತ್ತು. ಇಬ್ಬರೂ ಸಾಯುವತನಕ ಒಬ್ಬರನ್ನೊಬ್ಬರು ಹೊಗಳಲಿಲ್ಲ, ಒಬ್ಬರ ಮನೆಗೆ ಒಬ್ಬರು ಕಳಿಸುವುದನ್ನೂ ನಿಲ್ಲಿಸಲಿಲ್ಲ.

ಇಂಥ ದೊಡ್ಡವ್ವ ನನ್ನ ಬಾಳಿನಲ್ಲಿ ಏನು ಮಾಡಿದಳು ಎಂದು ಹೇಳಬೇಕಾದರೆ ನನ್ನ ಮದುವೆಯ ಮಾತುಕತೆಯ ದಿನಕ್ಕೆ ಬರಬೇಕು.

ಹುಡುಗ ಬೆಟಗೇರಿಯವನು. ಬೋರವೆಲ್ ಮೋಟಾರು ಸುಟ್ಟರೆ ವೈಂಡಿಂಗ್ ಮಾಡಿ ಕೊಡುವ ಅಂಗಡಿ ಇಟ್ಟಿದ್ದ. ನನ್ನನ್ನು ನೋಡಲು ಬಂದಾಗ ಹಿರಿಯರು ನಮ್ಮಿಬ್ಬರನ್ನು ಸ್ವಲ್ಪ ಹೊತ್ತು ಹಿತ್ತಲಲ್ಲಿ ಮಾತಾಡಲು ಬಿಟ್ಟಿದ್ದರು. ಅವನು ನಮ್ಮ ಹಳೇ ಪಂಪಿನ ಸದ್ದು ಕೇಳಿ, “ಬೇರಿಂಗ್ ಹೋಗೈತ್ರಿ ಇದರದು” ಎಂದಿದ್ದ. ನನಗೆ ಅಷ್ಟೇ ಸಾಕಾಗಿತ್ತು. ಯಾಕೆ ಅಂತ ಇವತ್ತಿಗೂ ಹೇಳಲು ಬಾರದು, ಆದರೆ ಇವನ ಹೊರತು ಬೇರೆ ಯಾರೂ ಬೇಡ ಎಂದು ಅವತ್ತೇ ಮನಸ್ಸು ಗಟ್ಟಿಯಾಗಿತ್ತು. ಅವ್ವನಿಗೆ ಹೇಳಲು ನಾಚಿಕೆಯಾಗಿ ದೊಡ್ಡವ್ವನ ಕಿವಿಯಲ್ಲಿ ಹೇಳಿದ್ದೆ.

ಮಾತುಕತೆಗೆ ಅವರು ಬಂದದ್ದು ವೈಶಾಖದ ಒಂದು ನಡುಮಧ್ಯಾಹ್ನ, ಒಂದು ಟೆಂಪೋ ತುಂಬ ಜನ, ಹುಡುಗನೂ ಸೇರಿ. ಮನೆಗೆ ಬಂದವರಿಗೆ ಕಾಲಿಗೆ ನೀರು, ಬಾಯಿಗೆ ಬೆಲ್ಲ ಕೊಡುವುದು ನಮ್ಮ ಕಡೆಯ ರೂಢಿ. ಅದು ಆಯಿತು. ನಮ್ಮ ಮನೆತನದಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಮಾತುಕತೆಗೆ ಜಮಖಾನೆಯ ಮೇಲೆ ಕೂತ ಎರಡೂ ಕಡೆಯ ಗಂಡಸರ ಮುಂದೆ ಪಾನಕದ ಲೋಟ ಇಡುತ್ತಿದ್ದರು. ಎಲ್ಲ ಮಾತು ಮುಗಿಯುವತನಕ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಮುಗಿದ ಮೇಲೆ ಎರಡೂ ಕಡೆಯವರು ಕೂಡಿ ಕುಡಿದರೆ ಸಂಬಂಧ ಪಕ್ಕಾ. ಕುಡಿಯದೆ ಎದ್ದರೆ ಅಲ್ಲಿಗೆ ಮುಗಿಯಿತು. ಬೆಟಗೇರಿಯವರ ಮನೆಯಲ್ಲೂ ಹೀಗೇ ನಡೆಯುತ್ತಿತ್ತಂತೆ. ಹೆಂಗಸರಿಗೂ ಮಕ್ಕಳಿಗೂ ಈ ಕಟ್ಟಳೆ ಇಲ್ಲ.

ದೊಡ್ಡವ್ವ ಅವತ್ತು ಬೆಳವಲ ಹಣ್ಣಿನ ಪಾನಕ ಮಾಡಿದ್ದಳು. ಆ ಹೊತ್ತಿನಲ್ಲಿ ಹಣ್ಣು ಸಿಗುವುದು ಕಷ್ಟ. ಸೊರಟೂರಿನ ಪರಿಚಯದವರಿಗೆ ಹೇಳಿ ತರಿಸಿದ್ದಳು. ತುಂಬಿದ ಲೋಟಗಳು ಜಮಖಾನೆಯ ಮೇಲೆ ಸಾಲಾಗಿ ಕೂತಿದ್ದವು. ಮದುವೆ ಎಲ್ಲಿ, ಯಾವಾಗ, ಯಾರ ಕಡೆಯಿಂದ ಏನು ಎಂಬುದೆಲ್ಲ ಸಲೀಸಾಗಿ ಮುಗಿಯಿತು. ಹುಡುಗನ ಅಪ್ಪ ಲೋಟಕ್ಕೆ ಕೈ ಹಾಕಬೇಕು, ಅಷ್ಟರಲ್ಲಿ ಅವರ ತಮ್ಮ, ಅಂದರೆ ಹುಡುಗನ ಕಾಕಾ, ಕೈ ಅಡ್ಡ ಹಿಡಿದರು. ಆ ಮನೆಯ ಕಾರುಬಾರೆಲ್ಲ ಅವರದೇ.

“ಇನ್ನ ಒಂದ್ ಮಾತೈತ್ರಿ. ಮದುವಿ ಹಿಂದಿನ ದಿನ ಹುಡುಗನ ದೋಸ್ತರು ಬರ್ತಾರ. ಅವರಿಗೊಂದು ಬ್ಯಾರೆ ಖೋಲಿ ಕೊಟ್ಟು ಎಣ್ಣಿ ವ್ಯವಸ್ಥಾ ಮಾಡಬೇಕಾಕ್ಕೈತಿ. ಈಗ ಎಲ್ಲಾ ಕಡೆ ನಡ್ಯೂದ ಅದು. ಇಲ್ಲಾಂದ್ರ ನಮ್ಮ ಮರ್ಯಾದಿ ಉಳ್ಯೂದಿಲ್ಲ.”

ಅಪ್ಪ ನೆಲ ನೋಡಿದ. ದೊಡ್ಡಪ್ಪನೂ ನೆಲ ನೋಡಿದ. ಇಬ್ಬರ ಬಾಯಿಂದಲೂ ‘ಹೂಂ’ ಹೊರಡುವುದರಲ್ಲಿತ್ತು. ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ದೊಡ್ಡವ್ವ ಸೆರಗು ಸರಿಮಾಡಿಕೊಂಡು, “ಅದೊಂದು ಆಗೂದಿಲ್ರಿ ಬೀಗರ” ಎಂದಳು.

“ಯಾಕ್ರಿ ಅವ್ವಾರ?”

“ಈ ಮನ್ಯಾಗ ಬಾಗ್ಲಾ ಹಾಕ್ಕೊಂಡು ಯಾರೂ ಏನೂ ಕುಡ್ಯೂದಿಲ್ರಿ. ದೋಸ್ತರು ಹತ್ತಲ್ಲ, ನೂರು ಮಂದಿ ಬರ್ಲಿ. ಅಂಗಳದಾಗ ಕುಂದ್ರಿಸಿ ಹೊಟ್ಟಿತುಂಬ ಉಣಸ್ತೇನಿ, ಕುಡಸ್ತೇನಿ. ಎಣ್ಣಿ ಮಾತ್ರ ಆಗೂದಿಲ್ಲ.”

ಕಾಕಾ ಮೀಸೆಯ ಮೇಲೆ ಕೈಯಾಡಿಸಿ, ತಮ್ಮ ಮುಂದಿದ್ದ ಲೋಟವನ್ನು ಮೆಲ್ಲಗೆ ಮುಂದಕ್ಕೆ ಸರಿಸಿದರು. “ಹಂಗಾದ್ರ ಇದೂ ಆಗೂದಿಲ್ಲ ಬಿಡ್ರಿ” ಎಂದರು. ಅವರು ಸರಿಸಿದ್ದನ್ನು ನೋಡಿ ಅವರ ಕಡೆಯ ಗಂಡಸರೆಲ್ಲ ಕೈ ಹಿಂದಕ್ಕೆ ತೆಗೆದುಕೊಂಡರು. ಅದೇ ಹೊತ್ತಿಗೆ ಕರೆಂಟೂ ಹೋಯಿತು. ಫ್ಯಾನು ನಿಂತಿತು.

ನಾನು ಒಳಗೆ ಅಡಿಗೆಮನೆಯಲ್ಲಿ ಎಲ್ಲ ಕೇಳುತ್ತಿದ್ದೆ. ದೊಡ್ಡವ್ವ ಅಡಿಗೆಮನೆಗೆ ಬಂದ ಕೂಡಲೇ ಅವಳ ಕೈ ಹಿಡಿದುಕೊಂಡೆ. “ದೊಡ್ಡವ್ವಾ, ಹೂಂ ಅಂದಬಿಡಬಾರದ? ಒಂದ್ ದಿನದ ಮಾತು. ನನಗ ಈ ಹುಡುಗನ ಬೇಕು” ಎಂದು ಅತ್ತೆ.

ಅವಳು ನನ್ನನ್ನು ಬಯ್ಯಲಿಲ್ಲ. ಒಲೆಯ ಮುಂದಿನ ಮಣೆಯ ಮೇಲೆ ಕೂರಿಸಿದಳು. ಮೂರು ಮನೆ ಆಚೆಗೆ ಕೇಳುವ ಆ ದನಿಯನ್ನು ಪಿಸುಮಾತಿಗೆ ಇಳಿಸಿ, “ನಮ್ಮಪ್ಪನೂ ಮೊದಲ ಒಂದ್ ದಿನಾ ಅಂತನ ಬಾಗ್ಲಾ ಹಾಕ್ಕೊಂಡಿದ್ದ. ಸಾಯೋತನಾ ತೆಗೀಲಿಲ್ಲ. ನಾವು ನಾಕು ಮಕ್ಕಳು ಸಂಜಿಮುಂದ ಆ ಬಾಗ್ಲದ ಹೊರಗ ಕುಂತು, ಒಳಗಿಂದ ಯಾವ ಅಪ್ಪ ಬರ್ತಾನೋ ಅಂತ ಕಾಯ್ತಿದ್ವಿ. ಹೊಡಿಯೋ ಅಪ್ಪನೋ, ಅಳೋ ಅಪ್ಪನೋ. ಹುಡುಗ ಛಲೋ ಅದಾನ, ನನಗೂ ಗೊತ್ತೈತಿ. ಆದ್ರ ನಾಳೆ ನಿನ್ನ ಮಕ್ಕಳು ಅಂಥಾ ಬಾಗ್ಲದ ಹೊರಗ ಕುಂಡ್ರೂದು ನನಗ ಬ್ಯಾಡ” ಎಂದಳು.

ಅವಳ ತವರು ಮುಂಡರಗಿ ಕಡೆಯ ಒಂದು ಹಳ್ಳಿ. ಅಪ್ಪನ ಮಾತು ಅವಳ ಬಾಯಲ್ಲಿ ಅದುವರೆಗೆ ನಾನು ಕೇಳಿಯೇ ಇರಲಿಲ್ಲ. ನಮ್ಮವ್ವ ಕೂಡ ಕೇಳಿರಲಿಲ್ಲ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

ದೊಡ್ಡವ್ವನ ಕಣ್ಣು ಒಣಗಿಯೇ ಇತ್ತು. ಅವಳು ಎದ್ದು ಪಾನಕದ ಗಡಿಗೆಯನ್ನು ಕಂಕುಳಲ್ಲಿ ಇರಿಸಿಕೊಂಡು ಹೊರಗೆ ನಡೆದಳು. ಬೀಗರ ಮಕ್ಕಳನ್ನು ಕರೆದು ಕರೆದು ಕುಡಿಸಿದಳು. ಆಮೇಲೆ ಹೆಂಗಸರಿಗೆ. ಆಮೇಲೆ ಬಾಗಿಲಾಚೆ ಬೇವಿನ ನೆರಳಲ್ಲಿ ಕೂತಿದ್ದ ಟೆಂಪೋ ಡ್ರೈವರಿಗೆ. ಬೆಳವಲ ಹಣ್ಣಿನ ವಾಸನೆ ಪಡಸಾಲೆ ತುಂಬಿತು. ಮಕ್ಕಳು ಇನ್ನಷ್ಟು ಬೇಕೆಂದು ಬಂದವು. ಹೆಂಗಸರು, “ಏನೇನ್ ಹಾಕೀರಿ ಅವ್ವಾರ?” ಎಂದು ಕೇಳತೊಡಗಿದರು. ಸಂಬಂಧ ಮುರಿಯುತ್ತಿರುವ ಮನೆಯಲ್ಲಿ ದೊಡ್ಡವ್ವ ಕೂತು, ಬೆಲ್ಲ ಎಷ್ಟು, ನೀರು ಎಷ್ಟು ಎಂದು ನಿಧಾನವಾಗಿ ಹೇಳಿಕೊಡುತ್ತಿದ್ದಳು! ಜಮಖಾನೆಯ ಮೇಲೆ ಕೂತ ಗಂಡಸರು ಮಾತ್ರ ತುಂಬಿದ ಲೋಟಗಳನ್ನು ಮುಂದಿಟ್ಟುಕೊಂಡು ಬೆವರು ಒರೆಸಿಕೊಳ್ಳುತ್ತಿದ್ದರು. ಎರಡೂ ಕಡೆಯವರ ಗಂಟಲು ಒಣಗಿತ್ತು. ಯಾರೂ ಸೋಲಲು ತಯಾರಿರಲಿಲ್ಲ.

ಆಗ ಹುಡುಗ ಎದ್ದ.

ಹಿರಿಯರು ಕುಡಿಯುವ ಮೊದಲು ಮದುವೆಯ ಹುಡುಗ ಕುಡಿಯುವುದು ಯಾವ ಮನೆಯಲ್ಲೂ ಇಲ್ಲ. ಅವನು ಜಮಖಾನೆ ದಾಟಿ, ನೇರವಾಗಿ ದೊಡ್ಡವ್ವನ ಮುಂದೆ ಬಂದು ಕೈ ಚಾಚಿದ. “ಅವ್ವಾರ, ನನಗೊಂದು ಲೋಟ ಹಾಕ್ರಿ.”

ಬೇರೆ ಯಾರಾದರೂ ಆಗಿದ್ದರೆ ಓಡಿಹೋಗಿ ಕೊಡುತ್ತಿದ್ದರು. ನಾನಂತೂ ಗಡಿಗೆಯನ್ನೇ ಎತ್ತಿ ಕೊಡುತ್ತಿದ್ದೆ. ದೊಡ್ಡವ್ವ ಕೊಡಲಿಲ್ಲ. ಅವನನ್ನೇ ನೋಡುತ್ತ, “ತಮ್ಮಾ, ಇದನ್ನ ಕುಡದ್ರ ಮಾತು ಮುಗದಂಗ. ಗೊತ್ತೈತಿಲ್ಲ?” ಎಂದು ಕೇಳಿದಳು.

“ಗೊತ್ತೈತ್ರಿ. ಅದಕ್ಕ ಕೇಳಾಕತ್ತೇನಿ.”

“ಖೋಲಿ?”

“ಖೋಲಿ ಬ್ಯಾಡ್ರಿ. ಅವರು ನನ್ನ ದೋಸ್ತರು. ಅಂಗಳದಾಗ ಕುಂಡ್ರತಾರ.”

“ಮದುವೀಗೆ ಅಷ್ಟನೋ, ಮುಂದನೋ?”

ಅವನು ತನ್ನ ಕಾಕಾನ ಕಡೆ ಒಮ್ಮೆ ನೋಡಿದ. ಪಡಸಾಲೆಯ ಅಷ್ಟೂ ಜನ ಕೇಳುತ್ತಿದ್ದರು. “ಮುಂದನೂ” ಎಂದ. ಆಗ ಅವಳು ಲೋಟ ತುಂಬಿದಳು. ಅವನು ಗಟಗಟ ಕುಡಿದ. ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡ. ಅವನಪ್ಪ ಯಾರ ಮುಖವನ್ನೂ ನೋಡದೆ ತಮ್ಮ ಲೋಟ ಎತ್ತಿದರು. ನಮ್ಮಪ್ಪ, ದೊಡ್ಡಪ್ಪ ಅವರ ಹಿಂದೆಯೇ ಎತ್ತಿದರು. ಒಳಗೆ ನಾನು ಅವ್ವನ ಹೆಗಲಿಗೆ ತಲೆ ಇಟ್ಟು ಅಳುತ್ತಿದ್ದೆ, ಈ ಸಲ ಬೇರೆ ಕಾರಣಕ್ಕೆ.

ಕಾಕಾ ಮಾತ್ರ ಎದ್ದು ಹೊರಗೆ ಹೋದರು. ಕಟ್ಟೆಯ ಕೆಳಗೆ ಚಪ್ಪಲಿ ಹುಡುಕುತ್ತಿದ್ದರು. ಗೆದ್ದವಳು ಸುಮ್ಮನೆ ಒಳಗೆ ಕೂರಬಹುದಿತ್ತು. ದೊಡ್ಡವ್ವ ಕೂರಲಿಲ್ಲ. ಒಂದು ಲೋಟ ಹಿಡಿದು ಬಿಸಿಲಿಗೆ ಬರಿಗಾಲಲ್ಲಿ ಇಳಿದಳು.

“ಬೀಗರ, ಸಿಟ್ಟು ನನ್ನ ಮ್ಯಾಲ ಇರ್ಲಿ, ಪಾನಕದ ಮ್ಯಾಲ ಬ್ಯಾಡ್ರಿ. ಇಂಥಾ ಬಿಸಲಾಗ ಬಂದವರು ಒಣಾ ಬಾಯಿಲೆ ಹೋದ್ರ ನನಗ ಇವತ್ತ ಅನ್ನ ಇಳ್ಯೂದಿಲ್ಲ.”

ಕಾಕಾ ಬಹಳ ಹೊತ್ತು ನಿಂತರು. ಬಿಸಿಲಿಗೆ ಅವಳ ಕಾಲು ಸುಡುತ್ತಿದ್ದದ್ದು ಅವರಿಗೂ ಕಾಣುತ್ತಿತ್ತು. ಕೊನೆಗೆ ಲೋಟ ತೆಗೆದುಕೊಂಡು, ಪೂರಾ ಕುಡಿದು, ಮೀಸೆ ಒರೆಸಿಕೊಂಡು, “ಬೆಲ್ಲ ಸ್ವಲ್ಪ ಕಮ್ಮಿ ಆಗೈತಿ” ಎಂದರು.

“ಮದುವೀಗೆ ಹಾಕತೇನಿ, ಜಲ್ದಿ ಬರ್ರಿ” ಎಂದಳು ದೊಡ್ಡವ್ವ. ಒಳಗಿದ್ದವರೆಲ್ಲ ಗೊಳ್ಳೆಂದು ನಕ್ಕರು. ಕಾಕಾನೂ ನಕ್ಕರು.

ಮದುವೆಯ ಹಿಂದಿನ ದಿನ ಅಂಗಳದ ಚಪ್ಪರದ ಕೆಳಗೆ ಸಾಲಾಗಿ ಹರವಿ ಇಡಿಸಿದಳು. ಜೀರಿಗೆ, ಇಂಗಿನ ಒಗ್ಗರಣೆ ಕೊಟ್ಟ ಮಜ್ಜಿಗೆ, ಸುಟ್ಟ ಮಾವಿನಕಾಯಿಯ ಪಾನಕ, ಲಿಂಬೆಯದು. ಕೊನೆಯ ಹರವಿಯಲ್ಲಿ ಖಾಲಾ ಬಂದು ತಾವೇ ಮಾಡಿದ ಸಬ್ಜಾ ಶರಬತ್ತು. ಬೆಟಗೇರಿಯ ಹುಡುಗರು ನಮ್ಮ ಓಣಿಯ ಮುದುಕರ ಪಕ್ಕದಲ್ಲಿ ಕೂತು ಕುಡಿದರು. ಎಲ್ಲರೂ ದೇವರಂಥ ಹುಡುಗರೇನಲ್ಲ. ಇಬ್ಬರು ಸಂಜೆ ಲಕ್ಷ್ಮೇಶ್ವರದ ರಸ್ತೆ ಕಡೆ ಜಾರಿಕೊಂಡದ್ದು ದೊಡ್ಡವ್ವನ ಕಣ್ಣಿಗೆ ಬಿದ್ದಿತ್ತು. ಬೆಳಿಗ್ಗೆ ಅವರು ತಲೆ ಹಿಡಿದುಕೊಂಡು ಕೂತಾಗ ಹುಣಸೆಹಣ್ಣು, ಜೀರಿಗೆಯ ತಿಳಿನೀರು ತಂದು ಮುಂದಿಟ್ಟು, “ಕುಡೀರಿ, ಅಕ್ಷತಿ ಹೊತ್ತಿಗೆ ಏಳಾಕ ಬರ್ತೈತಿ” ಎಂದಳು. ಆ ಇಬ್ಬರಲ್ಲಿ ಒಬ್ಬ ಇವತ್ತಿಗೂ ಸಿಕ್ಕಾಗಲೆಲ್ಲ ಮೊದಲು ಅವಳನ್ನು ನೆನೆಯುತ್ತಾನೆ.

ನಾನು ಬೆಟಗೇರಿಯಲ್ಲಿ ಸಂಸಾರ ಹೂಡಿದ ಮೇಲೆ ಪ್ರತಿ ಬೇಸಿಗೆಗೂ ಅವಳಿಂದ ಒಂದು ಬುಟ್ಟಿ ಬರುತ್ತಿತ್ತು. ಮಾವಿನಕಾಯಿ, ಲಿಂಬೆ, ಎಲ್ಲಿಂದಲೋ ಹುಡುಕಿದ ಒಂದೆರಡು ಬೆಳವಲ ಹಣ್ಣು. ಜೊತೆಗೆ ಫೋನಿನಲ್ಲಿ, “ಮೋಟಾರ ಬಿಚ್ಚಿ ಬಂದಿರ್ತಾನ, ಉಪ್ಪು ಸ್ವಲ್ಪ ಜಾಸ್ತಿ ಹಾಕು” ಎಂಬ ಹುಕುಂ. ನನ್ನ ಗಂಡನಿಗೆ ಅವಳೆಂದರೆ ಅಂಜಿಕೆಯೂ ಹೌದು, ಅಭಿಮಾನವೂ ಹೌದು. ಅಂಗಡಿಯಲ್ಲಿ ಯಾರಾದರೂ ಸಂಜೆ ಕೂಡೋಣ ಬಾ ಎಂದು ಕರೆದರೆ, “ನಮ್ಮ ಅತ್ತಿಯಾರು ಗಡಿಗಿ ಹಿಡಕೊಂಡು ಬರ್ತಾರೋ ಮಾರಾಯಾ” ಎಂದು ನಕ್ಕು ಕಳಿಸುತ್ತಿದ್ದನಂತೆ. ಅಷ್ಟು ಜನರ ಮುಂದೆ ಕೊಟ್ಟ ಮಾತನ್ನು ಅವನು ಉಳಿಸಿಕೊಂಡ. ಅದು ಅವನ ದೊಡ್ಡತನ. ಆದರೆ ಆ ಮಾತನ್ನು ಕೇಳಿ ಪಡೆಯುವ ಎದೆ ನಮ್ಮ ಮನೆಯಲ್ಲಿ ಒಬ್ಬಳಿಗೇ ಇತ್ತು. ನಾನು ಅವಳ ಮಗಳು ಎಂದೇ ಎಲ್ಲರಿಗೂ ಹೇಳಿಕೊಳ್ಳುತ್ತೇನೆ. ಹಡೆದವ್ವನೇ ಅದಕ್ಕೆ ಹೂಂ ಅಂದಿದ್ದಾಳೆ.

ಹೋದ ವರ್ಷ ಬೇಸಿಗೆ ಏರುವ ಮೊದಲೇ ದೊಡ್ಡವ್ವ ಹಾಸಿಗೆ ಹಿಡಿದಳು. ಆ ವರ್ಷ ಹೊಸ ಹರವಿ ತರಲು ಯಾರೂ ಹೋಗಲಿಲ್ಲ. ಗದಗಿನ ಆಸ್ಪತ್ರೆಯಿಂದ ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಕಳಿಸಿದ ಮೇಲೆ ನಾನು ಶಿರಹಟ್ಟಿಗೆ ಹೋಗಿ ಅವಳ ಹತ್ತಿರವೇ ಉಳಿದೆ. ಒಂದೊಂದು ಚಮಚ ಮಜ್ಜಿಗೆಯ ತಿಳಿ ಬಿಟ್ಟರೆ ಮತ್ತೇನೂ ಇಳಿಯುತ್ತಿರಲಿಲ್ಲ. ದನಿಯೂ ಇಳಿದಿತ್ತು. ಅವಳು ತೀರಿಹೋಗುವ ಎರಡು ದಿನ ಮೊದಲು, ಮಾತಿಗೆ ಮಾತು ಬಂದು, ನನ್ನ ಮಗನ ಸಂಗತಿಯೊಂದನ್ನು ಹೇಳಿದೆ. ಅವನು ಓಣಿಯ ಗೆಳೆಯನ ಮನೆಗೆ ಆಡಲು ಹೋಗಿದ್ದ. ಸಂಜೆ ತಿರುಗಿ ಬಂದು ಕೇಳಿದ್ದ: “ಯವ್ವಾ, ಅವರಪ್ಪ ಖೋಲಿ ಬಾಗ್ಲಾ ಹಾಕ್ಕೊಂಡ ಕೂಡ್ಲೆ ಅವರೆಲ್ಲಾ ಯಾಕ ಸುಮ್ಮನಾಗ್ತಾರ? ಒಳಗ ಏನ್ ಮಾಡ್ತಾರ ಅವರು?”

“ನನ್ನ ಮಗಗ ಆ ಬಾಗ್ಲಾ ಗೊತ್ತ ಇಲ್ಲ ದೊಡ್ಡವ್ವಾ” ಎಂದೆ.

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಹೆಗಲು ಅಲುಗುತ್ತಿತ್ತು. ಅಷ್ಟು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡಳು.

“ಗೊತ್ತಿಲ್ಲಂತನ?”

“ಇಲ್ಲ.”

“ಇನ್ನೊಮ್ಮಿ ಹೇಳು.”

ನಾನು ಇನ್ನೊಮ್ಮೆ ಹೇಳಿದೆ.